ದೋಣಿ ಇಳಿಸುವ ಮೊದಲು

2023ರ ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಸಂಜೆ ಅನುಗೊಂಡನಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ಹನ್ನೊಂದು ಮಂದಿ ಸೇರಿದ್ದೆವು. ತಿಂಗಳಿಗೊಮ್ಮೆ ಕೂತು ಒಂದು ಪುಸ್ತಕ ಓದಿ ಮಾತಾಡುವ ಪುಟ್ಟ ಬಳಗ ನಮ್ಮದು. ಅವತ್ತು ಪುಸ್ತಕ ಮುಚ್ಚಿಟ್ಟು ಬೇರೆ ವಿಷಯ ಎತ್ತಿಕೊಂಡಿದ್ದೆವು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಆ ವರ್ಷ ಅದಕ್ಕೆ ಐವತ್ತು ತುಂಬುತ್ತಿತ್ತು. ಸರ್ಕಾರ ‘ಕರ್ನಾಟಕ ಸಂಭ್ರಮ-50’ ಎಂದು ವರ್ಷವಿಡೀ ಆಚರಣೆ ಘೋಷಿಸಿತ್ತು. ನಾವೂ ಏನಾದರೂ ಮಾಡಬೇಕು, ಆದರೆ ಅದು ಬಾವುಟ, ಆರ್ಕೆಸ್ಟ್ರಾ, ಕೇಸರಿಬಾತಿಗೇ ಮುಗಿದುಹೋಗಬಾರದು ಎನ್ನುವುದು ಎಲ್ಲರ ಆಸೆ.

“ಹೊಳೆ ಮೇಲೆ ಹೋಗೋಣ” ಎಂದ ನಮ್ಮೊಳಗಿನ ಕಿರಿಯ. ದಾಂಡೇಲಿಗೆ ಹೋಗಿ ಕಾಳಿ ನದಿಯಲ್ಲಿ ಕಯಾಕ್ ನಡೆಸಿ ಬಂದಿದ್ದ ಹುಡುಗ. “ನಾಡಹಬ್ಬಕ್ಕೆ ಎಲ್ಲರೂ ರಸ್ತೆಯಲ್ಲಿ ಮೆರವಣಿಗೆ ಮಾಡ್ತಾರೆ. ನಾವು ನೀರಿನ ಮೇಲೆ ಮಾಡೋಣ. ನಮ್ಮ ಪಕ್ಕದಲ್ಲೇ ನದಿ ಇದೆಯಲ್ಲ ಅಣ್ಣ?”

ಇದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯ ದೊಡ್ಡ ಕೆರೆ ತುಂಬಿಸಿ, ಮುಗಳೂರಿನ ಕಡೆ ಇಳಿದು, ಹೊಸೂರಿನ ಹತ್ತಿರ ತಮಿಳುನಾಡಿಗೆ ದಾಟುವ ದಕ್ಷಿಣ ಪಿನಾಕಿನಿ. ಐದೇ ನಿಮಿಷದಲ್ಲಿ ಚಿತ್ರ ಸಿದ್ಧವಾಯಿತು. ಬಾಡಿಗೆಗೆ ತಂದ ನಾಲ್ಕಾರು ಕಯಾಕ್, ಮೀನು ಹಿಡಿಯುವವರಿಂದ ಎರಡು ಹರಿಗೋಲು, ಮುಂದಿನ ದೋಣಿಗೆ ಅರಿಶಿನ ಕುಂಕುಮ ಬಣ್ಣದ ಬಾವುಟ. ಹೊಸಕೋಟೆಯ ಕೆಳಗೆಲ್ಲಾದರೂ ನೀರಿಗಿಳಿದು ಮುಗಳೂರು ಸೇತುವೆಯಲ್ಲಿ ದಡ ಹತ್ತುವುದು. ನಡುವೆ ಎಲ್ಲಿ ನೆರಳು ಸಿಕ್ಕಿತೋ ಅಲ್ಲಿ ನಿಂತು ಕವಿತೆ ಓದುವುದು.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೇಷ್ಟ್ರು ಪಟ್ಟಿ ಬರೆಯತೊಡಗಿದರು. ಈಜು ಬರುವವರು ಎಷ್ಟು ಜನ, ಲೈಫ್ ಜಾಕೆಟ್ ಎಷ್ಟು ಬೇಕು, ದಾರಿಯಲ್ಲಿ ಕಟ್ಟೆ, ಒಡ್ಡು ಎಲ್ಲೆಲ್ಲಿ ಬರುತ್ತವೆ, ಅಲ್ಲಿ ದೋಣಿ ಹೊತ್ತು ದಾಟಲು ದಡ ಉಂಟೇ, ಯಾರ ಅನುಮತಿ ಬೇಕು, ತಿಂಡಿ ಎಲ್ಲಿ. ನಮ್ಮ ಬಳಗದಲ್ಲಿ ಒಬ್ಬರು ನರ್ಸ್ ಇದ್ದಾರೆ. ಅಲ್ಲಿಯವರೆಗೆ ಸುಮ್ಮನಿದ್ದ ಅವರು, “ಒಂದು ಸೇರಿಸಿಕೊಳ್ಳಿ ಮೇಷ್ಟ್ರೇ: ಯಾರೂ ನೀರು ಮುಟ್ಟಬಾರದು” ಎಂದರು.

ಎಲ್ಲರೂ ನಕ್ಕೆವು. “ನೀರು ಮುಟ್ಟದೆ ಹುಟ್ಟು ಹಾಕೋದು ಹೆಂಗಕ್ಕ?” ಎಂದ ಹುಡುಗ. ಅವರು ನಗಲಿಲ್ಲ. ಗಾಯ ಇದ್ದರೆ ಏನಾಗುತ್ತದೆ, ಇಲಿಜ್ವರ ಹೇಗೆ ಬರುತ್ತದೆ, ಕಣ್ಣಿಗೆ ಬಾಯಿಗೆ ಸಿಡಿದರೆ ಏನು ಎಂದು ಎರಡು ನಿಮಿಷ ಹೇಳಿದರು. ಮೇಷ್ಟ್ರು ಬರೆದುಕೊಂಡರು. ಹನ್ನೊಂದನೆಯ ಅಂಶ: ನೀರು ಮುಟ್ಟಬಾರದು.

ಆ ಸಾಲು ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ. ‘ನಮ್ಮದು’ ಎಂದು ಬಾವುಟ ಕಟ್ಟಿಕೊಂಡು ಮೆರೆಯಲು ಹೊರಟ ನದಿಯನ್ನು ನಾವು ಮುಟ್ಟುವಂತಿಲ್ಲ. ಹಾಗಾದರೆ ‘ನಮ್ಮದು’ ಎಂಬ ಮಾತಿಗೆ ಅರ್ಥವೇನು? ಮುಟ್ಟಲಾರದ್ದನ್ನು ಸಂಭ್ರಮಿಸಬಹುದೇ?

*

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಸೆಪ್ಟೆಂಬರಿನಲ್ಲೇ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತ್ತು. ನಮ್ಮ ಕಡೆ ರಾಗಿ ತೆನೆ ಕಟ್ಟುವ ಮೊದಲೇ ಬಾಡಿತ್ತು. ಅಂಥ ವರ್ಷದಲ್ಲಿ ದಕ್ಷಿಣ ಪಿನಾಕಿನಿಯಲ್ಲಿ ದೋಣಿ ತೇಲುವಷ್ಟು ನೀರು ಎಲ್ಲಿಂದ ಬರಬೇಕು? ಅದು ಮೊದಲಿನಿಂದಲೂ ಮಳೆಗಾಲದ ಹೊಳೆ. ಬೇಸಿಗೆಯಲ್ಲಿ ಅದರ ಮರಳಿನಲ್ಲಿ ಗುಂಡಿ ತೋಡಿ ನೀರು ಸೇದುತ್ತಿದ್ದೆವು ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಈಗ ಅದು ವರ್ಷವಿಡೀ ಹರಿಯುತ್ತದೆ. ಕಾರಣ ಬೆಂಗಳೂರು. ನಗರದ ಉತ್ತರದ ಹರಿವು ಹೆಬ್ಬಾಳದ ಕಣಿವೆ ಹಿಡಿದು ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಕಡೆಯಿಂದ ಬರುತ್ತದೆ. ನಡುವಿನ ಮತ್ತು ಆಗ್ನೇಯದ ಹರಿವು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ವರ್ತೂರಿನ ಕೋಡಿಯಿಂದ ನಮ್ಮ ಹೊಳೆಗೆ. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹೊತ್ತಿ ಉರಿದದ್ದು ಅದೇ ಬೆಳ್ಳಂದೂರು ಕೆರೆ. ರಸ್ತೆಗೆ ನೊರೆ ಹಾರಿಸಿ ಸುದ್ದಿಯಾದದ್ದು ಅದೇ ವರ್ತೂರು. ಶುದ್ಧೀಕರಿಸಿದ ನೀರಿನಲ್ಲಿ ಒಂದು ಪಾಲನ್ನು 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡುತ್ತಿದ್ದಾರೆ. ಉಳಿದದ್ದು, ಶುದ್ಧವಾದದ್ದೂ ಆಗದ್ದೂ ಸೇರಿ, ಇಳಿಜಾರು ಹುಡುಕಿಕೊಂಡು ಇತ್ತ ಬರುತ್ತದೆ.

ಆ ನಗರ ಕುಡಿಯುವುದು ಬಹುಪಾಲು ಕಾವೇರಿ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತಗಳಲ್ಲಿ ಮೇಲಕ್ಕೆತ್ತಿ ತಂದ ನೀರು. 1974ರಲ್ಲಿ ಅದರ ಮೊದಲ ಹಂತ ಶುರುವಾಯಿತು, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ. ಕಾವೇರಿ ಕೊಳ್ಳದ ನೀರು ಬೆಂಗಳೂರಿನ ದಿಣ್ಣೆ ಹತ್ತಿ, ಕೊಳಾಯಿ, ಬಚ್ಚಲು, ಕಕ್ಕಸು ದಾಟಿ, ಪಿನಾಕಿನಿಯ ಕೊಳ್ಳಕ್ಕೆ ಇಳಿಯುತ್ತದೆ. ಅಂದರೆ ಆ ಬರಗಾಲದ ನವೆಂಬರಿನಲ್ಲಿ ನಮ್ಮ ದೋಣಿಯನ್ನು ತೇಲಿಸಬಹುದಾಗಿದ್ದದ್ದು ಮಳೆಯ ನೀರಲ್ಲ, ನಾವು ಬಳಸಿ ಬಿಟ್ಟ ನೀರು. ಕೊಳಕಿಲ್ಲದಿದ್ದರೆ ಹೊಳೆಯೇ ಇಲ್ಲ, ಹೊಳೆಯಿಲ್ಲದಿದ್ದರೆ ಹಬ್ಬವಿಲ್ಲ.

ಇದನ್ನು ನಾನು ಬಳಗದಲ್ಲಿ ಹೇಳಿದಾಗ ಮೇಷ್ಟ್ರು ಇನ್ನೊಂದು ಮಾತು ಸೇರಿಸಿದರು. ಆ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್ ಆಗಿತ್ತು. ಬರದ ವರ್ಷದಲ್ಲಿ ಕಾವೇರಿಯಿಂದ ತಮಿಳುನಾಡಿಗೆ 5,000 ಕ್ಯೂಸೆಕ್ ಬಿಡಬೇಕು ಎಂಬ ಆದೇಶದ ವಿರುದ್ಧ. ನಮ್ಮಲ್ಲಿ ಕೆಲವರು ಬೀದಿಗೂ ಇಳಿದಿದ್ದರು. ನಮ್ಮ ರೈತರ ಸಂಕಟ ಸುಳ್ಳಾಗಿರಲಿಲ್ಲ. “ಆದರೆ ನೋಡಿ,” ಎಂದರು ಮೇಷ್ಟ್ರು, “ಒಂದು ನದಿಯಲ್ಲಿ ಕೇಳಿದ ನೀರು ಕೊಡೋಲ್ಲ ಅಂತ ಕೂಗ್ತಿದ್ದೀವಿ. ಇನ್ನೊಂದು ನದೀಲಿ ಅದೇ ನೀರನ್ನ ಬಳಸಿ, ಕೇಳದೇ ಇದ್ರೂ ಅದೇ ರಾಜ್ಯಕ್ಕೆ ಕಳಿಸ್ತಾ ಇದ್ದೀವಿ. ಅದಕ್ಕೆ ಯಾವತ್ತೂ ಬಂದ್ ಆಗಿಲ್ಲ.”

ಕಾವೇರಿಯ ಲೆಕ್ಕ ನಮಗೆ ಬಾಯಿಪಾಠ. 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ನಮಗೆ ಹೆಚ್ಚಿಗೆ ಸಿಕ್ಕಿದ್ದು 14.75 ಟಿಎಂಸಿ, ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75. ಆ ನೀರು ಕುಡಿದ ಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವುದು ನಮ್ಮ ಬಾಯಿಪಾಠದಲ್ಲಿ ಇಲ್ಲ. ‘ನಮ್ಮ ನೀರು’ ಎಂಬ ಮಾತನ್ನು ನಾವು ಬರುವ ನೀರಿಗೆ ಮಾತ್ರ ಇಟ್ಟುಕೊಂಡಿದ್ದೇವೆ. ಹೋಗುವ ನೀರಿಗೆ ಯಾರೂ ಒಡೆಯರಿಲ್ಲ.

*

ಮಾರನೆಯ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾನೂ ಆ ಹುಡುಗನೂ ಬೈಕಿನಲ್ಲಿ ಜಾಗ ನೋಡಲು ಹೋದೆವು. ದೋಣಿ ಇಳಿಸಲು ತಟ್ಟಾದ ದಡ ಬೇಕು, ಅಲ್ಲಿವರೆಗೆ ಗಾಡಿ ಹೋಗಬೇಕು, ನೀರಿನಲ್ಲಿ ಅಂತರಗಂಗೆ ಕಟ್ಟಿಕೊಂಡಿರಬಾರದು. ಎರಡು ಕಡೆ ನೋಡಿ, ಮೂರನೆಯ ಕಡೆ ಹೊಳೆಗೆ ಸೇರುವ ಒಂದು ಹಳ್ಳದ ಪಕ್ಕ ನಿಂತೆವು. ಜಾಗ ಚೆನ್ನಾಗಿತ್ತು. ಅಲ್ಲಿ ಆಗಲೇ ಒಂದು ಲಾರಿ ನಿಂತಿತ್ತು. ಶೌಚದ ಗುಂಡಿ ಖಾಲಿ ಮಾಡುವ ಟ್ಯಾಂಕಿನ ಲಾರಿ. ಅದರ ದಪ್ಪ ಪೈಪು ಹಳ್ಳಕ್ಕೆ ಇಳಿಬಿದ್ದಿತ್ತು.

ಹುಡುಗ ಸಿಟ್ಟಿನಿಂದ ಮೊಬೈಲ್ ತೆಗೆದು ವಿಡಿಯೊ ಮಾಡತೊಡಗಿದ. “ನಂಬರ್ ತಗೊಳ್ಳಣ್ಣ, ಕಂಪ್ಲೇಂಟ್ ಕೊಡೋಣ” ಎಂದ. ಟ್ಯಾಂಕಿನ ಹಿಂದೆ ದೊಡ್ಡದಾಗಿ ಫೋನ್ ನಂಬರ್ ಬರೆದಿತ್ತು. ನನ್ನ ಮೊಬೈಲಿನಲ್ಲಿ ಒತ್ತಿದೆ. ಏಳೆಂಟು ಅಂಕಿ ಒತ್ತುವಷ್ಟರಲ್ಲಿ ಪರದೆಯ ಮೇಲೆ ಹೆಸರೇ ಬಂತು: ‘ಟ್ಯಾಂಕ್ ಕ್ಲೀನ್’. ಅದು ನಾನೇ ಉಳಿಸಿಕೊಂಡ ಹೆಸರು. ನಮ್ಮ ಹೊಸ ಬಡಾವಣೆಗೆ ಒಳಚರಂಡಿ ಇಲ್ಲ. ಮನೆಮನೆಗೂ ಗುಂಡಿ. ವರ್ಷಕ್ಕೊಮ್ಮೆ ಈ ನಂಬರಿಗೆ ಫೋನು ಮಾಡುತ್ತೇನೆ, ಲಾರಿ ಬರುತ್ತದೆ. ಹೋದ ಸಲ ಲೋಡಿಗೆ ಇನ್ನೂರು ರೂಪಾಯಿ ಕಡಿಮೆ ಮಾಡಿಸಿದ್ದೆ. ಅದನ್ನು ಮನೆಯಲ್ಲಿ ಜಾಣತನ ಎಂದು ಹೇಳಿಕೊಂಡೂ ಇದ್ದೆ. ಎಲ್ಲಿ ಸುರಿಯುತ್ತೀಯಪ್ಪ ಎಂದು ಒಂದು ಸಲವೂ ಕೇಳಿರಲಿಲ್ಲ.

“ಸಿಕ್ತಾ ನಂಬರ್?” ಎಂದ ಹುಡುಗ. “ಸಿಕ್ತು” ಎಂದೆ. ಅಷ್ಟೇ ಹೇಳಿದೆ. ಮಿಕ್ಕಿದ್ದನ್ನು ಹೇಳಲು ನನಗೆ ಎರಡು ವಾರ ಬೇಕಾಯಿತು.

ಆ ಎರಡು ವಾರ ನಾನು ಯೋಚಿಸಿದ್ದು ನನ್ನ ತಪ್ಪಿನ ಬಗ್ಗೆಯಷ್ಟೇ ಅಲ್ಲ, ಆ ಅಜ್ಞಾನದ ಬಗ್ಗೆಯೂ. ಅದು ಬರಿಯ ಗೊತ್ತಿಲ್ಲದಿರುವಿಕೆಯಲ್ಲ, ದುಡ್ಡು ಕೊಟ್ಟು ಕೊಂಡ ಗೊತ್ತಿಲ್ಲದಿರುವಿಕೆ. ಲೋಡಿನ ದರದಲ್ಲಿ ಅದೂ ಸೇರಿತ್ತು. ನಾನು ಕಡಿಮೆ ಮಾಡಿಸಿದ ಇನ್ನೂರು ರೂಪಾಯಿ ಎಲ್ಲಿಂದ ಉಳಿಯಿತು ಎಂದು ಕೇಳಿಕೊಂಡರೆ ಉತ್ತರ ಆ ಹಳ್ಳದಲ್ಲಿತ್ತು. ದೂರ ಹೋಗದೆ ಹತ್ತಿರದಲ್ಲೇ ಸುರಿದ ಡೀಸೆಲ್ಲಿನ ಉಳಿತಾಯ ಅದು.

*

ಬಳಗದಲ್ಲಿ ಮತ್ತೆ ಸೇರಿದಾಗ ಹೇಳಿದೆ. ಕೇಳಿದವರು ಮೂರು ಬಗೆಯ ಮಾತು ಆಡಿದರು. ಮೂರರಲ್ಲೂ ಹುರುಳಿತ್ತು.

ಮೊದಲನೆಯದು: “ಹಬ್ಬದ ದಿನ ಸಾಲದ ಲೆಕ್ಕ ತೆಗೆಯಬಾರದು.” ನಮ್ಮ ಬಳಗದ ಹಿರಿಯಕ್ಕನ ಮಾತು. ಮನೆಯಲ್ಲಿ ಎಷ್ಟೇ ತಾಪತ್ರಯ ಇರಲಿ, ಯುಗಾದಿಗೆ ಹೋಳಿಗೆ ಮಾಡುತ್ತೇವೆ. ಎಲ್ಲ ಸರಿಹೋದ ಮೇಲೆ ನಗುತ್ತೇವೆ ಎಂದರೆ ನಗುವ ದಿನ ಬರುವುದೇ ಇಲ್ಲ. ಇದು ದೊಡ್ಡ ಮಾತು, ಇದನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಆದರೆ ಹೋಳಿಗೆಯ ಉದಾಹರಣೆಯಲ್ಲಿ ತಾಪತ್ರಯವೂ ನಮ್ಮದೇ, ಹೋಳಿಗೆಯೂ ನಮ್ಮದೇ. ಇಲ್ಲಿ ಹಬ್ಬ ನಮ್ಮದು, ತಾಪತ್ರಯ ಕೆಳಗಿನವರದು. ಸ್ವಂತ ದುಃಖ ಮರೆತು ನಗುವುದು ಧೈರ್ಯ. ಬೇರೆಯವರಿಗೆ ಕೊಟ್ಟ ದುಃಖ ಮರೆತು ನಗುವುದಕ್ಕೆ ಆ ಹೆಸರು ಒಪ್ಪುವುದಿಲ್ಲ.

ಎರಡನೆಯದು ಹುಡುಗನ ಮಾತು: “ಹಾಗಾದ್ರೆ ಬೇರೆ ಹೊಳೆಗೆ ಹೋಗೋಣ.” ಕಾಳಿ ಇದೆ, ಶರಾವತಿ ಇದೆ, ತುಂಗಾ ಇದೆ. ಕರ್ನಾಟಕದ ಹಬ್ಬ ತಾನೇ, ಕರ್ನಾಟಕದ ಯಾವ ನದಿಯಾದರೂ ಆದೀತು. ನಮ್ಮಲ್ಲಿ ನಾಲ್ವರು ಆಮೇಲೆ ಹಾಗೇ ಮಾಡಿದರು, ದಾಂಡೇಲಿಗೆ ಹೋದರು. ಅವರನ್ನು ತಪ್ಪು ಎನ್ನಲಾರೆ. ಆದರೂ ಫೋಟೊಕ್ಕೆ ಚೆನ್ನಾಗಿ ಬರುವ ನದಿಯನ್ನು ನಾಡು ಎಂದು ಕರೆದು, ಬಾರದ ನದಿಯನ್ನು ಚರಂಡಿ ಎಂದು ಕರೆದರೆ, ನಮ್ಮ ನಾಡಪ್ರೇಮ ನಾಡಿನ ಅರ್ಧಕ್ಕೇ ನಿಲ್ಲುತ್ತದೆ. ಮನೆಗೆ ನೆಂಟರು ಬಂದಾಗ ಹಾಸಿಗೆ ಹಿಡಿದ ಅಜ್ಜಿಯನ್ನು ಒಳಕೋಣೆಗೆ ಸರಿಸಿ ಬಾಗಿಲು ಹಾಕಿದ ಹಾಗೆ.

ಮೂರನೆಯದು ಮೇಷ್ಟ್ರದ್ದು: “ಇದು ಒಬ್ಬೊಬ್ಬರ ಪಾಪ ಅಲ್ಲ. ಒಳಚರಂಡಿ ಹಾಕಬೇಕಾದ್ದು ಸರ್ಕಾರ, ಶುದ್ಧಿ ಮಾಡಬೇಕಾದ್ದು ಮಂಡಳಿ. ನೀನು ಎದೆ ಬಡಿದುಕೊಂಡರೆ ಅವರಿಗೇ ಅನುಕೂಲ.” ನಿಜ. ಒಬ್ಬ ಮನುಷ್ಯನ ಪಶ್ಚಾತ್ತಾಪದಿಂದ ಹೊಳೆ ತಿಳಿಯಾಗುವುದಿಲ್ಲ. ಅಮೆರಿಕದ ಚಿಂತಕಿ ಐರಿಸ್ ಮರಿಯನ್ ಯಂಗ್, ಅವರು ತೀರಿಕೊಂಡ ಮೇಲೆ 2011ರಲ್ಲಿ ಬಂದ ಪುಸ್ತಕವೊಂದರಲ್ಲಿ ಈ ಗಂಟನ್ನು ಬಿಡಿಸಲು ನೋಡುತ್ತಾರೆ. ಅಪರಾಧ ಬೇರೆ, ಹೊಣೆ ಬೇರೆ. ಅಪರಾಧ ಹಿಂದಕ್ಕೆ ನೋಡುತ್ತದೆ, ಯಾರು ಮಾಡಿದರು ಎಂದು ಕೇಳುತ್ತದೆ. ಹೊಣೆ ಮುಂದಕ್ಕೆ ನೋಡುತ್ತದೆ. ಒಂದು ಅನ್ಯಾಯ ನಡೆಯುವ ವ್ಯವಸ್ಥೆಯಲ್ಲಿ ನಮ್ಮ ದಿನನಿತ್ಯದ ಕೆಲಸಗಳೂ ಕೊಂಡಿಯಾಗಿದ್ದರೆ, ತಪ್ಪಿತಸ್ಥರಲ್ಲದಿದ್ದರೂ ಅದನ್ನು ಬದಲಿಸುವ ಕೆಲಸದಲ್ಲಿ ಇತರರೊಂದಿಗೆ ಸೇರುವ ಹೊಣೆ ನಮಗಿದೆ. ಮೇಷ್ಟ್ರ ಮಾತಿಗೆ ಇದು ವಿರುದ್ಧವಲ್ಲ, ಅದರ ಮುಂದಿನ ಹೆಜ್ಜೆ. ಸರ್ಕಾರ ಮಾಡಬೇಕು ಎನ್ನುವುದು ಮಾತಿನ ಕೊನೆಯಾದರೆ ಅದು ನುಣುಚಿಕೊಳ್ಳುವುದು. ಮಾತಿನ ಆರಂಭವಾದರೆ ಅದು ರಾಜಕೀಯ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಋಣ. ಅನ್ನದ ಋಣ, ನೀರಿನ ಋಣ ಎನ್ನುತ್ತೇವೆ. ಊರು ಬಿಡುವವನನ್ನು ನೋಡಿ ‘ಇಲ್ಲಿಯ ನೀರಿನ ಋಣ ತೀರಿತು’ ಎನ್ನುತ್ತೇವೆ. ಋಣವುಳ್ಳವನು ಅಪರಾಧಿಯಲ್ಲ, ನಾಚಿ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ. ಕೊಡಬೇಕಾದದ್ದು ಬಾಕಿ ಇದೆ ಎಂದು ನೆನಪಿಟ್ಟುಕೊಂಡರೆ ಸಾಕು. ಕುಡಿದ ನೀರಿನ ಋಣವನ್ನು ನಾವು ಮೇಲಿನ ಊರಿಗೆ, ಮಳೆಗೆ, ದೇವರಿಗೆ ಸಲ್ಲಿಸುತ್ತೇವೆ. ಬಿಟ್ಟ ನೀರಿನ ಋಣ ಕೆಳಗಿನ ಊರಿಗೆ ಸಲ್ಲಬೇಕಾದದ್ದು.

*

ಈ ಸೀಮೆಯ ಕೆರೆಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಬಾಯಿ. ಮೇಲಿನ ಊರಿನವರು ಕೋಡಿಯನ್ನು ಮನಸ್ಸಿಗೆ ಬಂದಷ್ಟು ಎತ್ತರಿಸಿದರೆ ಕೆಳಗಿನ ಕೆರೆ ತುಂಬುವುದಿಲ್ಲ. ಗದ್ದೆಗೆ ಸರದಿಯಂತೆ ನೀರು ಬಿಡಲು ನೀರಗಂಟಿ ಇದ್ದ. ಇದೆಲ್ಲ ನ್ಯಾಯವಾಗಿಯೇ ನಡೆಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕೆರೆಯ ನೀರನ್ನೇ ಮುಟ್ಟಲು ಬಿಡದ ಜಾತಿಯ ಕಟ್ಟು ಅದೇ ಊರುಗಳಲ್ಲಿತ್ತು. ಆದರೂ ಒಂದು ಸಂಗತಿ ಕಲಿಯುವಂಥದ್ದು. ನಮ್ಮಲ್ಲಿ ನೀರಿನ ಮೇಲಿನ ಹಬ್ಬ ಹೊಸದಲ್ಲ. ಕೆರೆ ತುಂಬಿದರೆ ಬಾಗಿನ, ಕೋಡಿ ಬಿದ್ದರೆ ತೆಪ್ಪೋತ್ಸವ. ಆ ಹಬ್ಬಕ್ಕೆ ಕ್ಯಾಲೆಂಡರಿನ ತಾರೀಕು ಸಾಕಾಗುತ್ತಿರಲಿಲ್ಲ, ಕೆರೆ ಒಪ್ಪಬೇಕಿತ್ತು. ತುಂಬದ ವರ್ಷ ತೆಪ್ಪ ಇಳಿಯುತ್ತಿರಲಿಲ್ಲ. ನಮ್ಮದು ತಿರುಗುಮುರುಗು. ತಾರೀಕು ನಿಗದಿಯಾಗಿತ್ತು, ನೀರು ಹೇಗಿದೆ ಎಂದು ಆಮೇಲೆ ನೋಡಲು ಹೋದೆವು.

ಹೆಸರಾದ 1973ನೇ ಇಸವಿಯ ಬಗ್ಗೆಯೂ ಒಂದು ಮಾತು. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿ ನಾಡಿಗೆ ಕರ್ನಾಟಕ ಎಂಬ ಹೆಸರು ಕೊಟ್ಟದ್ದು ನಮಗೆಲ್ಲ ನೆನಪಿದೆ. ಅವರದೇ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು ಅಷ್ಟಾಗಿ ನೆನಪಿಲ್ಲ. ಹೆಸರಾದ ಅದೇ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಮಾತಿನಿಂದ ಬೂಸಾ ಗಲಾಟೆ ಎದ್ದು, ಅವರು ಮಂತ್ರಿಸ್ಥಾನ ಬಿಡಬೇಕಾಯಿತು. ಗಲಾಟೆ ಸಾಹಿತ್ಯ ಚರಿತ್ರೆಗೆ ಸೇರಿತು, ದಲಿತ ಚಳವಳಿಗೆ ಕಿಡಿಯಾಯಿತು. ಅವರು ಎತ್ತಿದ್ದ ಇನ್ನೊಂದು ಪ್ರಶ್ನೆ ಮಾತ್ರ ಹಾಗೇ ಉಳಿಯಿತು: ನಮ್ಮ ಹೊಲಸನ್ನು ಯಾರು ಹೊರಬೇಕು? ಮನುಷ್ಯರ ತಲೆಯಿಂದ ಅದನ್ನು ಇಳಿಸಿದೆವು ಎಂದು ಹೇಳಿಕೊಂಡೆವು. ಇವತ್ತಿಗೂ ಗುಂಡಿಗಳಲ್ಲಿ ಇಳಿದು ಸಾಯುವವರಿದ್ದಾರೆ, ಹಾಗಾಗಿ ಅದೂ ಪೂರ್ತಿ ನಿಜವಲ್ಲ. ಇಳಿಸಿದ್ದಷ್ಟನ್ನು ಹೊಳೆಯ ತಲೆಗೆ ಹೊರಿಸಿದೆವು. ಹೊತ್ತ ಮನುಷ್ಯರನ್ನು ‘ಮುಟ್ಟಬಾರದು’ ಎಂದವರು, ಹೊತ್ತ ಹೊಳೆಯನ್ನೂ ಈಗ ಮುಟ್ಟಬಾರದು ಎಂದು ಪಟ್ಟಿಯಲ್ಲಿ ಬರೆಯುತ್ತೇವೆ. ಹೊಲಸು ಮಾಡಿದವನು ಶುದ್ಧ, ಹೊತ್ತವನು ಮೈಲಿಗೆ ಎಂಬ ಹಳೆಯ ಲೆಕ್ಕವೇ ಇದು.

*

ಆ ನವೆಂಬರ್ 1ರಂದು ದೋಣಿ ಇಳಿಯಲಿಲ್ಲ. ನಾವು ಏಳು ಜನ ದಡದ ಮೇಲೆ ನಡೆದುಕೊಂಡು ಮುಗಳೂರು ಸೇತುವೆಯವರೆಗೆ ಹೋದೆವು. ಸೇತುವೆಯ ಕೆಳಗೆ ಕಪ್ಪು ನೀರು, ಕಲ್ಲಿಗೆ ತಾಗಿದ ಕಡೆ ಬಿಳಿ ನೊರೆ. ಹತ್ತಿರದಲ್ಲಿ ಒಬ್ಬ ಹಿರಿಯರು ದಂಟಿನ ಸೊಪ್ಪಿಗೆ ಹೊಳೆಯ ನೀರು ಹಾಯಿಸುತ್ತಿದ್ದರು. ನಾವು ಯಾಕೆ ಬಂದೆವು ಎಂದು ಕೇಳಿದರು. ಹೇಳಿದೆವು. ಹೊಳೆ ಹೀಗಾಗಿದೆ ಎಂದು ನಮ್ಮ ಹುಡುಗ ಮರುಕದಿಂದ ಮಾತು ತೆಗೆದ.

“ನೀವು ಕೆಟ್ಟ ನೀರು ಅಂತೀರ ಕಣಪ್ಪ” ಎಂದರು ಅವರು. “ನಮ್ಮ ಬೋರು ಸಾವಿರದಿನ್ನೂರು ಅಡಿಗೆ ಹೋದ್ರೂ ಒಣಗೈತೆ. ಈ ನೀರಿಲ್ದೆ ಇದ್ರೆ ನಾನು ಯಾವತ್ತೋ ಜಮೀನು ಮಾರ್ಕೊಂಡು ವಾಚ್‌ಮನ್ ಕೆಲಸಕ್ಕೆ ಹೋಗ್ಬೇಕಿತ್ತು. ಇದೇ ನೀರಲ್ಲಿ ಮಗಳ ಮದುವೆ ಮಾಡಿದೀನಿ.” ಸ್ವಲ್ಪ ತಡೆದು ನಕ್ಕರು. “ಸೊಪ್ಪು ತಿನ್ನೋರು ನೀವೇ ತಾನೆ.”

ನಾನು ಅಲ್ಲಿಯವರೆಗೆ ಕಟ್ಟಿಕೊಂಡಿದ್ದ ಸರಳ ಚಿತ್ರ ಅಲ್ಲಿಗೆ ಮುರಿಯಿತು. ಕೆಳಗಿನವರು ಎಂದರೆ ಬರೀ ನೊಂದವರು ಎಂದುಕೊಂಡಿದ್ದೆ. ಅವರು ಆ ನೀರಿನ ಮೇಲೆ ಬದುಕು ಕಟ್ಟಿಕೊಂಡವರು ಕೂಡ. ನಾಳೆ ನಾವು ಶುದ್ಧಿಯ ಹುರುಪಿನಲ್ಲಿ ಆ ನೀರನ್ನು ಬೇರೆಲ್ಲಿಗೋ ತಿರುಗಿಸಿದರೆ ಅವರ ಸೊಪ್ಪಿಗೆ ಏನು? ಅವರಿಗೆ ಬೇಕಾದದ್ದು ಹೊಳೆ ನಿಲ್ಲುವುದಲ್ಲ, ಹರಿಯುವ ನೀರಿನಲ್ಲಿ ವಿಷ ಇಲ್ಲದಿರುವುದು. ಅವರನ್ನು ಕೇಳದೆ ನಾವು ಮಾಡುವ ಉಪಕಾರವೂ, ಅವರನ್ನು ಕೇಳದೆ ಮಾಡಿದ ಅಪಕಾರದಂತೆಯೇ ಇರುತ್ತದೆ.

ಅಲ್ಲಿಂದ ಮುಂದೆ ಹೊಳೆ ಗಡಿ ದಾಟುತ್ತದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿನಲ್ಲಿ, ಜೋರು ಮಳೆಯಾದಾಗೆಲ್ಲ ಬೆಟ್ಟದಂತೆ ನೊರೆ ಏಳುವ ಸುದ್ದಿ ಪ್ರತಿವರ್ಷ ಬರುತ್ತದೆ. ಅಲ್ಲಿ ಅದರ ಹೆಸರು ತೆನ್‌ಪೆಣ್ಣೈ. ಹೊಸೂರು, ಡೆಂಕಣಿಕೋಟೆ, ತಳಿಯ ಸುತ್ತ ಇವತ್ತಿಗೂ ಮನೆಯೊಳಗೆ ಕನ್ನಡ ಆಡುವವರಿದ್ದಾರೆ. 1956ರ ಗಡಿ ಅವರನ್ನು ಆಚೆಗೆ ಇಟ್ಟಿತು. ನಾವು ಕನ್ನಡದ ಹಬ್ಬ ಮಾಡುವ ದಿನ ನಮ್ಮ ಬಚ್ಚಲ ನೀರು ಆ ಕನ್ನಡಿಗರ ಗದ್ದೆಗೂ ಹೋಗುತ್ತಿರುತ್ತದೆ. ಹೀಗೆ ಬರೆದು ಒಂದು ಕ್ಷಣ ಯೋಚಿಸಿದೆ: ಅಲ್ಲಿರುವವರು ಕನ್ನಡಿಗರಲ್ಲದಿದ್ದರೆ ನೀರು ಕಳಿಸುವುದು ಸರಿಯಾಗುತ್ತಿತ್ತೇ? ಇಲ್ಲ. ನಮ್ಮವರಿದ್ದಾರೆ ಎಂಬ ಕಾರಣಕ್ಕೆ ಕಣ್ಣು ತೆರೆಯಬಹುದು. ಆದರೆ ತೆರೆದ ಕಣ್ಣು ನಮ್ಮವರನ್ನಷ್ಟೇ ನೋಡಿದರೆ ಏನು ಪ್ರಯೋಜನ?

*

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. 2026ರ ನವೆಂಬರ್ 1ಕ್ಕೆ ಕರ್ನಾಟಕ ಏಕೀಕರಣಕ್ಕೆ 70 ತುಂಬುತ್ತದೆ. ಹುಡುಗ ಬಳಗದ ಗುಂಪಿನಲ್ಲಿ ಮತ್ತೆ ಸಂದೇಶ ಹಾಕಿದ್ದಾನೆ: “ಈ ಸಲವಾದ್ರೂ ಹೊಳೆ ಮೇಲೆ ಹೋಗೋಣ್ವಾ?”

ನನ್ನ ಮೊದಲ ಉತ್ತರ ಬೇಡ ಎಂಬುದಾಗಿತ್ತು. ಆಮೇಲೆ ಪ್ಯಾರಿಸ್ಸಿನ ಸೀನ್ ನದಿ ನೆನಪಾಯಿತು. 1923ರಲ್ಲಿ ಅಲ್ಲಿ ಈಜು ನಿಷೇಧಿಸಿದ್ದರು. 1990ರಲ್ಲಿ ಆಗಿನ ಮೇಯರ್ ಜಾಕ್ ಶಿರಾಕ್ ಮೂರು ವರ್ಷದಲ್ಲಿ ತಾನೇ ಅದರಲ್ಲಿ ಈಜುತ್ತೇನೆ ಎಂದು ಮಾತು ಕೊಟ್ಟು, ಈಜದೆಯೇ ತೀರಿಕೊಂಡರು. ಜನ ದಶಕಗಟ್ಟಲೆ ನಕ್ಕರು. ಕಡೆಗೆ 2024ರ ಒಲಿಂಪಿಕ್ಸ್ ಎಂಬ ತಾರೀಕು ಬಂತು. ಆ ಜುಲೈ 17ರಂದು ಮೇಯರ್ ಆನ್ ಇದಾಲ್ಗೊ ನದಿಗೆ ಇಳಿದು ಈಜಿದರು. ಮಳೆ ಬಂದು ನೀರು ಕೆಟ್ಟು ಟ್ರಯತ್ಲಾನ್ ಸ್ಪರ್ಧೆಯನ್ನು ಮುಂದೂಡಬೇಕಾಯಿತು, ಅದೂ ಆಯಿತು. ಆದರೆ 2025ರ ಜುಲೈಯಿಂದ ಸಾಮಾನ್ಯ ಜನ ಅಲ್ಲಿ ಈಜುತ್ತಿದ್ದಾರೆ. ಅದಕ್ಕೆ ಸುರಿದಷ್ಟು ಹಣ ನಮ್ಮ ಹೋಬಳಿಗೆ ಬರುವುದಿಲ್ಲ, ಆ ಹೋಲಿಕೆ ಅಲ್ಲಿಗೇ ನಿಲ್ಲಲಿ. ನನಗೆ ಹಿಡಿಸಿದ್ದು ಬೇರೆ: ಹಬ್ಬ ಎಂಬುದು ಮರೆವು ಮಾತ್ರವಲ್ಲ, ವಾಯಿದೆಯೂ ಆಗಬಹುದು. ಇಂಥ ದಿನದೊಳಗೆ ಇಷ್ಟಾದರೂ ಕೊಡುತ್ತೇವೆ ಎಂದು ಸಾಲಗಾರ ಹೇಳುವ ದಿನ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮದೇ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಿಂದ ಮಲದ ಕೆಸರನ್ನು ಶುದ್ಧೀಕರಿಸುವ ಪುಟ್ಟ ಘಟಕವೊಂದಿದೆ. ಒಂದು ಊರಿನ ಮಟ್ಟಿಗೆ ಅಂಥದ್ದು ದೇಶದಲ್ಲೇ ಮೊದಲನೆಯದು. ದಿನಕ್ಕೆ 6,000 ಲೀಟರ್ ಅದರ ಅಳತೆ. ಅಂದರೆ ನಾನು ನೋಡಿದಂಥ ಲಾರಿಗಳು ಒಂದೆರಡು ಬಂದು ಸುರಿಯುವಷ್ಟು. ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಚಿಕ್ಕದು. ಆದರೆ ‘ಆಗುವುದಿಲ್ಲ’ ಎಂಬ ಮಾತನ್ನು ಅದು ಬಾಯಿಂದ ತೆಗೆದುಹಾಕುತ್ತದೆ.

ಹೋದ ತಿಂಗಳು ನಮ್ಮ ಗುಂಡಿ ತುಂಬಿತು. ‘ಟ್ಯಾಂಕ್ ಕ್ಲೀನ್’ಗೆ ಫೋನು ಮಾಡಿ, ಈ ಸಲ ಎಲ್ಲಿ ಸುರೀತೀರ ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಸರಿಯಾದ ಜಾಗಕ್ಕೆ ಹೋಗಬಹುದು ಸಾರ್. ಅಷ್ಟು ದೂರದ ಡೀಸೆಲ್ ಯಾರು ಕೊಡ್ತಾರೆ?” ಎಂದರು. ಅದು ಉದ್ಧಟತನದ ಉತ್ತರವಲ್ಲ. ಈ ಇಡೀ ಪ್ರಬಂಧದಲ್ಲಿ ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವರು ಒಂದೇ ಸಾಲಿನಲ್ಲಿ ಕೇಳಿದ್ದರು.

ಅದನ್ನು ನಮ್ಮ ಬಡಾವಣೆಯ ಸಭೆಯಲ್ಲಿಟ್ಟಿದ್ದೇನೆ. ಎಲ್ಲ ಮನೆಯವರೂ ಲೋಡಿಗೆ ಹೆಚ್ಚಿಗೆ ಕೊಟ್ಟು, ಎಲ್ಲಿ ಸುರಿದರು ಎಂಬ ಚೀಟಿ ಕೇಳುವುದು. ಜೊತೆಗೆ ನಮ್ಮ ಹೋಬಳಿಗೂ ಒಂದು ಘಟಕ ಬೇಕೆಂದು ಪಂಚಾಯಿತಿಗೆ ಅರ್ಜಿ ಹಾಕುವುದು. ಅರ್ಧ ಜನ ಒಪ್ಪಿದ್ದಾರೆ. ಉಳಿದವರು “ಮೊದಲು ಸರ್ಕಾರ ಮಾಡಲಿ” ಎನ್ನುತ್ತಿದ್ದಾರೆ. ಮುಂದಿನ ಸಭೆ ಬಾಕಿ ಇದೆ.

ಬಳಗದ ಪಟ್ಟಿಯನ್ನೂ ಹೊಸದಾಗಿ ಬರೆಯುತ್ತಿದ್ದೇವೆ. ಲೈಫ್ ಜಾಕೆಟ್ಟು, ತಿಂಡಿ ಆಮೇಲೆ. ಮೊದಲನೆಯ ಅಂಶ, ಮುಗಳೂರಿನ ಆ ಹಿರಿಯರನ್ನೂ ಮೀನು ಹಿಡಿಯುವವರನ್ನೂ ಕೇಳುವುದು: ನಾವು ಬರಬಹುದೇ, ಬಂದರೆ ಏನು ನೋಡಬೇಕು. ಎರಡನೆಯದು, ಹೊಸೂರಿನ ಕಡೆಗೆ ಹೋಗಿ ಕೆಲವರಪಳ್ಳಿಯ ಕೆಳಗೆ ಬೇಸಾಯ ಮಾಡುವವರ ಜೊತೆ ಒಂದು ದಿನ ಕೂರುವುದು. ಆ ಹೊತ್ತಿಗೆ ನಮ್ಮ ಬಡಾವಣೆಯ ಲಾರಿಯ ವಿಷಯ ಇತ್ಯರ್ಥವಾಗಿದ್ದರೆ ಅವರ ಮುಂದೆ ಕೂರಲು ಸ್ವಲ್ಪವಾದರೂ ಮುಖ ಇರುತ್ತದೆ. ಹನ್ನೊಂದನೆಯ ಅಂಶವನ್ನು ಮೇಷ್ಟ್ರು ಹಾಗೆಯೇ ಬಿಟ್ಟಿದ್ದಾರೆ: ನೀರು ಮುಟ್ಟಬಾರದು. ಅದನ್ನು ಹೊಡೆದುಹಾಕುವಂತಾಗುವುದು ಯಾವ ನವೆಂಬರಿಗೋ ಗೊತ್ತಿಲ್ಲ. ಅಲ್ಲಿಯವರೆಗೆ ದೋಣಿಯ ಬಾಡಿಗೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಮೊದಲ ಲಾರಿಯ ಡೀಸೆಲ್ ಹಾಕಿಸೋಣ ಎಂದು ಬರೆದಿದ್ದಾನೆ ಹುಡುಗ. ಇಷ್ಟರವರೆಗೆ ಯಾರೂ ಬೇಡ ಎಂದಿಲ್ಲ.